ಗಣಕಯಂತ್ರದ ಕಾವು, ನಮ್ಮ ನಾಡಿನ ಬಿಸಿಲು

ಗಣಕಯಂತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ವೇಗದ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ವರ್ಷ ಯಾವ ಯಂತ್ರ ಕ್ಷಣವೊಂದಕ್ಕೆ ಎಷ್ಟು ಲಕ್ಷ ಲೆಕ್ಕ ಮಾಡಿತು, ಯಾವ ವರ್ಷ ಅದು ಕೋಟಿಗೆ ಏರಿತು ಎಂಬುದೇ ಅಲ್ಲಿನ ಮುಖ್ಯ ಕಥೆ. ಆ ಯಂತ್ರಗಳು ಹೊರಹಾಕಿದ ಶಾಖದ ಮಾತು ಬಂದರೆ ಅರ್ಧ ಪುಟದಲ್ಲಿ ಮುಗಿದುಹೋಗುತ್ತದೆ. ತಂಪು ದೇಶದಲ್ಲಿ ಕುಳಿತು ಬರೆದವರಿಗೆ ಅಷ್ಟು ಸಾಕೆನಿಸಿರಬಹುದು. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದ ನಮ್ಮ ನಾಲ್ಕು ತಾಲೂಕುಗಳ ಜನಕ್ಕೆ, ಅಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಏಪ್ರಿಲ್ ಮೇ ತಿಂಗಳು ಕಳೆದವರಿಗೆ, ಅದು ಸಾಲದು. ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ನಮ್ಮ ಊರುಗಳಲ್ಲಿ ಮೊದಮೊದಲು ತಮ್ಮ ಕೈಯಾರೆ ಗಣಕಯಂತ್ರ ಜೋಡಿಸಿದ ಹುಡುಗರು ವೇಗದ ಜೊತೆಗಲ್ಲ, ಈ ಕಾವಿನ ಜೊತೆಗೇ ಸೆಣಸಿದರು. ಆದಕಾರಣ ಈ ಸಲ ಆ ಅರ್ಧ ಪುಟವನ್ನು ಸ್ವಲ್ಪ ಹಿಗ್ಗಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಪಂಪಿಗೆ ಕೊಟ್ಟ ವಿದ್ಯುತ್ತಿನಲ್ಲಿ ಒಂದು ಪಾಲು ನೀರನ್ನು ಮೇಲೆತ್ತುತ್ತದೆ. ಗಿರಣಿಗೆ ಕೊಟ್ಟದ್ದು ಜೋಳ ಬೀಸುತ್ತದೆ. ಆದರೆ ಪ್ರೊಸೆಸರ್ ಹುಟ್ಟಿಸುವುದು ಲೆಕ್ಕದ ಉತ್ತರವನ್ನು ಮಾತ್ರ. ಉತ್ತರಕ್ಕೆ ತೂಕವಿಲ್ಲ, ಚಲನೆಯಿಲ್ಲ. ಹೀಗಾಗಿ ಅದರೊಳಗೆ ಹೋದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬರುತ್ತದೆ. 60 ವ್ಯಾಟಿನ ಪ್ರೊಸೆಸರ್ ಎಂದರೆ, ಹಿಂದೆ ನಮ್ಮ ಪಡಸಾಲೆಗಳಲ್ಲಿ ಉರಿಯುತ್ತಿದ್ದ 60 ವ್ಯಾಟಿನ ಬಲ್ಬಿನಷ್ಟು ಕಾವನ್ನು ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಹುಟ್ಟಿಸುವ ವಸ್ತು.

ಈ ತೊಂದರೆ ಗಣಕಯಂತ್ರದ ಜೊತೆಗೇ ಹುಟ್ಟಿದ್ದು. 1946ರ ಫೆಬ್ರವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೋಕಕ್ಕೆ ತೋರಿಸಲಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ವಾಲ್ವ್‌ಗಳಿದ್ದವು. ಹಳೆಯ ವಾಲ್ವ್ ರೇಡಿಯೋ ನೆನಪಿರುವವರಿಗೆ ವಿವರಿಸಬೇಕಾಗಿಲ್ಲ. ಗುಂಡಿ ತಿರುವಿದ ಮೇಲೆ ಅದು ಕಾಯ್ದು ಮಾತಾಡಲು ಅರ್ಧ ನಿಮಿಷ ಬೇಕಾಗುತ್ತಿತ್ತು. ಚಳಿಗಾಲದಲ್ಲಿ ಬೆಕ್ಕು ಅದರ ಮೇಲೆಯೇ ಮಲಗುತ್ತಿತ್ತು. ರೇಡಿಯೋದಲ್ಲಿದ್ದದ್ದು ಐದಾರು ವಾಲ್ವ್. ಎನಿಯಾಕ್ ಸುಮಾರು 150 ಕಿಲೋವ್ಯಾಟ್ ವಿದ್ಯುತ್ತು ನುಂಗುತ್ತಿತ್ತು, ಅದರ ಕಾವನ್ನು ಹೊರಹಾಕಲೆಂದೇ ದೊಡ್ಡ ಗಾಳಿಯಂತ್ರಗಳಿದ್ದವು. ವಾಲ್ವ್‌ಗಳು ಹೆಚ್ಚಾಗಿ ಸಾಯುತ್ತಿದ್ದದ್ದು ಹೊತ್ತಿಸುವಾಗ, ಆರಿಸುವಾಗ. ಕಾಯ್ದು ಹಿಗ್ಗುವುದು, ಆರಿ ಕುಗ್ಗುವುದು ಅವಕ್ಕೆ ಆಗಿಬರುತ್ತಿರಲಿಲ್ಲ. ಆದ್ದರಿಂದ ಯಂತ್ರವನ್ನು ಸಾಧ್ಯವಾದಷ್ಟು ಆರಿಸದೆ ಇಡುವುದೇ ಲೇಸೆಂದು ಅದನ್ನು ನೋಡಿಕೊಳ್ಳುವವರು ಕಂಡುಕೊಂಡರು.

ಭಾರತವು ತಾನೇ ಕಟ್ಟಿದ ಮೊದಲ ದೊಡ್ಡ ಗಣಕಯಂತ್ರವೂ ವಾಲ್ವಿನದೇ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ಮುಂದಾಳ್ತನದಲ್ಲಿ 1950ರ ದಶಕದಲ್ಲಿ ಕೆಲಸ ಆರಂಭವಾಯಿತು. ಮೊದಲು ಒಂದು ಚಿಕ್ಕ ಪ್ರಾಯೋಗಿಕ ಯಂತ್ರ, ನಂತರ ದೊಡ್ಡದು. ದೊಡ್ಡ ಯಂತ್ರ 1960ರಲ್ಲಿ ಕೆಲಸಕ್ಕೆ ನಿಂತಿತು. 1962ರಲ್ಲಿ ಪ್ರಧಾನಿ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಕಟ್ಟಿದ ತರುಣರು ಅದಕ್ಕೂ ಮೊದಲು ಗಣಕಯಂತ್ರ ಕಟ್ಟಿದವರಲ್ಲ. 2,700 ವಾಲ್ವ್, 1,700 ಜರ್ಮೇನಿಯಂ ಡಯೋಡ್, 12,500 ರೆಸಿಸ್ಟರ್‌ಗಳನ್ನು 18 ಅಡಿ ಉದ್ದ, 8 ಅಡಿ ಎತ್ತರ, ಎರಡೂವರೆ ಅಡಿ ಅಗಲದ ಉಕ್ಕಿನ ಕಪಾಟಿನಲ್ಲಿ ಕೂರಿಸಲಾಗಿತ್ತು. ಕಪಾಟಿನ ಎರಡೂ ಬದಿಗೆ ಬಾಗಿಲುಗಳಿದ್ದವು. ನೆನಪಿನ ಭಂಡಾರ 2,048 ಪದಗಳದ್ದು.

ತರಗತಿಯಲ್ಲಿ ಮಾಡಿಸುತ್ತಿದ್ದಂತೆ ಇಲ್ಲೊಂದು ಲೆಕ್ಕ ಮಾಡಿ ನೋಡಿ. ಸಾಮಾನ್ಯವಾದ ಚಿಕ್ಕ ವಾಲ್ವ್ ಒಂದರ ತಂತುವನ್ನು ಕಾಯಿಸಲು 6.3 ವೋಲ್ಟ್, ಸುಮಾರು 0.3 ಆಂಪಿಯರ್ ಬೇಕು. ಗುಣಿಸಿದರೆ ಹತ್ತಿರ ಹತ್ತಿರ 2 ವ್ಯಾಟ್. ಅಂಥ 2,700 ವಾಲ್ವ್‌ಗಳೆಂದು ಹಿಡಿದರೆ ತಂತು ಕಾಯಿಸುವುದಕ್ಕೇ 5 ಕಿಲೋವ್ಯಾಟಿಗಿಂತ ಹೆಚ್ಚು. ಒಂದು ಕಪಾಟಿನೊಳಗೆ ಸಾವಿರ ವ್ಯಾಟಿನ ಐದು ಇಸ್ತ್ರಿಪೆಟ್ಟಿಗೆಗಳನ್ನು ಹಗಲಿರುಳು ಹೊತ್ತಿಸಿಟ್ಟಂತೆ! ಲೆಕ್ಕ ಮಾಡುವ ಕೆಲಸ ಇನ್ನೂ ಆರಂಭವಾಗಿಲ್ಲ, ಇದು ಕೇವಲ ಸಿದ್ಧತೆಯ ಕಾವು. ಹೊರಗೆ ಮುಂಬಯಿಯ ಬೆವರು ಸುರಿಸುವ ಹವೆ. ಟಿಫ್ರಾಕ್ ಬಗ್ಗೆ ಬರೆಯುವವರು ಅದರ ಬುದ್ಧಿಯನ್ನು ಹೊಗಳುತ್ತಾರೆ, ಸರಿಯೇ. ನನಗೆ ಮಾತ್ರ ಆ ಕಪಾಟಿನ ಎರಡು ಬದಿಯ ಬಾಗಿಲುಗಳ ಮೇಲೇ ಕಣ್ಣು.

ಮುಂದೆ ಟ್ರಾನ್ಸಿಸ್ಟರ್ ಬಂತು, ಐಸಿ ಬಂತು, 1971ರಲ್ಲಿ ಒಂದೇ ಚಿಪ್ಪಿನೊಳಗೆ ಇಡೀ ಪ್ರೊಸೆಸರ್ ಬಂತು. ಕಾವಿನ ಕಾಟ ತೀರಿತೆಂದು ಜನ ತಿಳಿದರು. 1978ರ 8086 ಪ್ರೊಸೆಸರ್‌ನಲ್ಲಿ 29,000 ಟ್ರಾನ್ಸಿಸ್ಟರ್‌ಗಳಿದ್ದರೂ ಅದಕ್ಕೆ ಫ್ಯಾನು ಬೇಕಿರಲಿಲ್ಲ, ತಲೆಯ ಮೇಲೆ ಲೋಹದ ಅಚ್ಚೂ ಬೇಕಿರಲಿಲ್ಲ. ಈ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, 1980ರಲ್ಲಿ ಆಪಲ್ ಕಂಪನಿ ತನ್ನ ಆಪಲ್ 3 ಯಂತ್ರವನ್ನು ಫ್ಯಾನೇ ಇಲ್ಲದೆ ಮಾರುಕಟ್ಟೆಗೆ ತಂದಿತು. ಯಂತ್ರ ಕಾಯ್ದು, ಚಿಪ್ಪುಗಳು ತಮ್ಮ ಕುಳಿಯಿಂದ ಮೇಲೆದ್ದು ಬರುತ್ತಿದ್ದವು. ಆಗ ಕಂಪನಿಯವರು ಕೊಟ್ಟ ಸಲಹೆ: ಯಂತ್ರವನ್ನು ಮೇಜಿನಿಂದ ಎರಡು ಮೂರು ಅಂಗುಲ ಎತ್ತಿ ಕೈಬಿಡಿ, ಚಿಪ್ಪುಗಳು ಮತ್ತೆ ಕೂತುಕೊಳ್ಳುತ್ತವೆ! ಟಿ.ವಿ.ಯ ತಲೆಗೆ ಗುದ್ದಿ ಚಿತ್ರ ಸರಿಮಾಡುತ್ತಿದ್ದ ನಮ್ಮವರನ್ನು ಇನ್ನು ಯಾರೂ ನಗಬೇಕಾಗಿಲ್ಲ.

1989ರ 486ರಲ್ಲಿ 12 ಲಕ್ಷ ಟ್ರಾನ್ಸಿಸ್ಟರ್. 1993ರ ಪೆಂಟಿಯಂನಲ್ಲಿ 31 ಲಕ್ಷ ಟ್ರಾನ್ಸಿಸ್ಟರ್, ಸುಮಾರು 15 ವ್ಯಾಟ್. ಅಷ್ಟರ ಹೊತ್ತಿಗೆ ಪ್ರೊಸೆಸರ್‌ನ ನೆತ್ತಿಯ ಮೇಲೆ ರೆಕ್ಕೆ ರೆಕ್ಕೆಯಾದ ಲೋಹದ ಹೀಟ್‌ಸಿಂಕ್, ಅದರ ಮೇಲೊಂದು ಪುಟ್ಟ ಫ್ಯಾನು ವಾಡಿಕೆಯಾದವು. 2000ದ ನವೆಂಬರ್‌ನಲ್ಲಿ ಬಂದ ಪೆಂಟಿಯಂ 4 ರಲ್ಲಿ 4 ಕೋಟಿ 20 ಲಕ್ಷ ಟ್ರಾನ್ಸಿಸ್ಟರ್‌ಗಳಿದ್ದು ಶಾಖ 50 ವ್ಯಾಟ್ ದಾಟಿತು.

ಆ ವರ್ಷಗಳಲ್ಲಿ ನಮ್ಮ ಕಡೆ ಗಣಕಯಂತ್ರದ ಕೋಣೆಯೆಂದರೆ ಗರ್ಭಗುಡಿಯೇ. ಚಪ್ಪಲಿ ಹೊರಗೆ, ಕಿಟಕಿಗೆ ಪರದೆ, ಒಳಗೆ ಏರ್‌ಕಂಡೀಷನರ್. ಬ್ಯಾಂಕುಗಳಲ್ಲಿ ಅದು ನಡೆಯುತ್ತಿತ್ತು. 2000ದ ನಂತರ ಭೂಮಿ ಯೋಜನೆಯಡಿ ರಾಜ್ಯದ ತಾಲೂಕು ಕಚೇರಿಗಳೆಲ್ಲ ಗಣಕಯಂತ್ರದಿಂದ ಪಹಣಿ ಕೊಡಲಾರಂಭಿಸಿದಾಗ ನಮ್ಮ ನಾಲ್ಕೂ ತಾಲೂಕಿನ ರೈತರು ಈ ಯಂತ್ರದ ಮುಖವನ್ನು ಹತ್ತಿರದಿಂದ ಕಂಡರು. ಪಹಣಿ ಹೀಗೆ ಬರುವುದಾದರೆ ಲಗ್ನಪತ್ರ ಏಕೆ ಬರಬಾರದು? ಗಂಗಾವತಿಯಲ್ಲಿ, ಕೊಪ್ಪಳದಲ್ಲಿ, ಆಮೇಲೆ ಕುಷ್ಟಗಿ ಯಲಬುರ್ಗಾಗಳಲ್ಲಿ ಡಿ.ಟಿ.ಪಿ. ಅಂಗಡಿಗಳು ಎದ್ದವು. ಹೆಸರಾಂತ ಕಂಪನಿಯ ಯಂತ್ರ ಕೊಳ್ಳುವ ಶಕ್ತಿ ಆ ಹುಡುಗರಿಗಿರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಹುಬ್ಬಳ್ಳಿಯಿಂದಲೋ ಬಿಡಿಭಾಗಗಳನ್ನು ತಂದು ತಾವೇ ಜೋಡಿಸಿಕೊಳ್ಳುತ್ತಿದ್ದರು. ಅಂಗಡಿಗೆ ಸಿಗುತ್ತಿದ್ದದ್ದು ತಗಡಿನ ಶೆಡ್ಡು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಕುಷ್ಟಗಿಯಲ್ಲಿ ಅಂಗಡಿ ಹಾಕಿದ. ಅವನ ಹೆಸರು ಬೇಡ, ಬಲ್ಲವರು ಬಲ್ಲರು. 2001ರಿಂದ ಸಾಲಾಗಿ ಮೂರು ವರ್ಷ ರಾಜ್ಯದಲ್ಲಿ ಬರ ಬಿದ್ದದ್ದು ನಿಮಗೆ ನೆನಪಿದ್ದೀತು. ಮೇವಿಲ್ಲದೆ ಅವನ ತಂದೆ ಜೋಡಿ ಎತ್ತುಗಳನ್ನು ಮಾರಿದ್ದರು. ಆ ಹಣಕ್ಕೆ ಸೋದರಮಾವನ ಕೈಗಡ ಸೇರಿಸಿ ಹುಡುಗ ಯಂತ್ರ ಜೋಡಿಸಿದ. ಅದು ಅವನ ಕೈಯಿಂದ ಎದ್ದ ಮೊದಲ ಯಂತ್ರ. ಪ್ರೊಸೆಸರ್ ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಚಳಿಗಾಲವೆಲ್ಲ ಚೆನ್ನಾಗಿ ನಡೆಯಿತು. 2003ರ ಏಪ್ರಿಲ್‌ನಲ್ಲಿ ಲಗ್ನದ ಸುಗ್ಗಿ ಬಂತು. ಅಕ್ಷಯ ತದಿಗೆಯ ಮದುವೆಗಳ ಪತ್ರಿಕೆಗಳೇ ಅವನ ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು. ಸರಿಯಾಗಿ ಅದೇ ಹೊತ್ತಿಗೆ ಯಂತ್ರ ಕೈಕೊಡತೊಡಗಿತು.

"ಸರ, ಮುಂಜಾನೆ ಚಲೋ ನಡಿತೈತ್ರಿ. ಹನ್ನೆರಡು ಹೊಡದ ಕೂಡ್ಲೆ ಒಮ್ಮೆಲೆ ಸತ್ತಂಗ ಆಗತೈತ್ರಿ. ಸಂಜಿಕ ಮತ್ತ ಜೀವ ಬರತೈತಿ," ಎಂದು ಬಂದು ಹೇಳಿದ.

ಕರೆಂಟಿನ ಏರಿಳಿತವೆಂದು ಯಾರೋ ಹೇಳಿದರೆಂದು ಅವನು ಸ್ಟೆಬಿಲೈಸರ್ ಕೊಂಡಿದ್ದ. ವೈರಸ್ ಎಂದು ಮತ್ತೊಬ್ಬ ಹೇಳಿದ್ದಕ್ಕೆ ಎಲ್ಲವನ್ನೂ ಅಳಿಸಿ ವಿಂಡೋಸ್ ಮತ್ತೆ ಹಾಕಿದ್ದ. ಗಿರಾಕಿಗಳು ಮಧ್ಯಾಹ್ನ ಹಳ್ಳಿಯ ಬಸ್ಸಿಗೆ ಬಂದು, ಅಕ್ಷರ ತಿದ್ದಿಸಲಾಗದೆ ಕಾದು ಕುಳಿತು, ಗಂಗಾವತಿಗೆ ಹೋಗಿ ಮಾಡಿಸಿಕೊಳ್ಳುತ್ತೇವೆಂದು ಎದ್ದು ಹೋಗುತ್ತಿದ್ದರು. ಪತ್ರಿಕೆ ತಡವಾದರೆ ಮುಹೂರ್ತವೇನೂ ಕಾಯುವುದಿಲ್ಲವಲ್ಲ.

ಶಾಲೆಯ ಪ್ರಯೋಗಶಾಲೆಯಿಂದ ಎರಡು ಉಷ್ಣಮಾಪಕಗಳನ್ನು ತೆಗೆದುಕೊಂಡು ಒಂದು ಭಾನುವಾರ ಹೋದೆ. ಒಂದನ್ನು ಗೋಡೆಗೆ, ಮತ್ತೊಂದನ್ನು ಕ್ಯಾಬಿನೆಟ್ಟಿನ ಒಳಗೆ ನೇತುಹಾಕಿದೆವು. ಪ್ರೊಸೆಸರ್‌ನ ಉಷ್ಣಾಂಶವನ್ನು ಆ ಮದರ್‌ಬೋರ್ಡ್ ತಾನೇ ಬಯಾಸ್ ಪರದೆಯ ಮೇಲೆ ತೋರಿಸುತ್ತಿತ್ತು. 80 ಡಿಗ್ರಿ ಮುಟ್ಟಿದರೆ ಯಂತ್ರವನ್ನು ಆರಿಸುವ ಏರ್ಪಾಡೂ ಅದರಲ್ಲಿತ್ತು. ಮಧ್ಯಾಹ್ನ 2 ಗಂಟೆಗೆ ಶೆಡ್ಡಿನಲ್ಲಿ 43, ಕ್ಯಾಬಿನೆಟ್ಟಿನಲ್ಲಿ 51, ಪ್ರೊಸೆಸರ್ 79. ನೋಡುತ್ತಿದ್ದಂತೆ ಆರಿಹೋಯಿತು. ರಾತ್ರಿ 10ಕ್ಕೆ ಮತ್ತೆ ಬರೆದುಕೊಂಡೆವು: ಶೆಡ್ಡು 31, ಕ್ಯಾಬಿನೆಟ್ 39, ಪ್ರೊಸೆಸರ್ 67.

ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಹುಡುಗನಿಗೇ ಮೊದಲು ಹೊಳೆಯಿತು. ಹಗಲೇ ಇರಲಿ ಇರುಳೇ ಇರಲಿ, ಕೋಣೆಗಿಂತ ಕ್ಯಾಬಿನೆಟ್ 8 ಡಿಗ್ರಿ ಹೆಚ್ಚು, ಕ್ಯಾಬಿನೆಟ್ಟಿಗಿಂತ ಪ್ರೊಸೆಸರ್ 28 ಡಿಗ್ರಿ ಹೆಚ್ಚು. ಹೀಟ್‌ಸಿಂಕ್ ತಂಪನ್ನು ತಯಾರಿಸುವುದಿಲ್ಲ. ಕಾವನ್ನು ಸುತ್ತಲಿನ ಗಾಳಿಗೆ ದಾಟಿಸುತ್ತದೆ, ಅಷ್ಟೆ. ಆ ಗಾಳಿ ಎಷ್ಟು ಬಿಸಿಯಿದೆಯೋ ಅದರ ಮೇಲೆಯೇ ಪ್ರೊಸೆಸರ್‌ನ ಬಿಸಿ ಏರಿ ಕೂರುತ್ತದೆ. ಆ ಕಾಲದ ಪ್ರೊಸೆಸರ್ ತಯಾರಕರು ಫ್ಯಾನಿಗೆ ಬರುವ ಗಾಳಿ ಸುಮಾರು 40 ಡಿಗ್ರಿಯನ್ನು ಮೀರಬಾರದೆಂದು ತಮ್ಮ ಕಾಗದಪತ್ರಗಳಲ್ಲಿ ಬರೆಯುತ್ತಿದ್ದರು. ಅವರು ಹೇಳಿದ್ದು ಕ್ಯಾಬಿನೆಟ್ಟಿನ ಒಳಗಿನ ಗಾಳಿಯ ಮಾತು. ನಮ್ಮಲ್ಲಿ ಹೊರಗಿನ ಗಾಳಿಯೇ ಆ ಗೆರೆ ದಾಟಿತ್ತು.

ಹುಡುಗನ ತಂದೆ ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. "ಮಾಸ್ತರ, ಬಿಸಲ ಏರಿದ ಮ್ಯಾಲ ಎತ್ತ ಸುದ್ದಾ ಬಿಡತೀವ್ರಿ. ಇದಕ್ಕ ಒಂದೀಟು ನೆಳ್ಳ ಬ್ಯಾಡೇನು?" ಎಂದರು. ಮಾತು ಎಷ್ಟು ನಿಜ! ಕೆಲಸ ಅಲ್ಲಿಂದಲೇ ಆರಂಭವಾಯಿತು. ತಗಡಿನ ಮೇಲೆ ಒಂದು ಮೊಳ ಎತ್ತರಕ್ಕೆ ಗಳ ಕಟ್ಟಿ, ತೊಗರಿ ಕಟ್ಟಿಗೆಯ ಹಂದರ ಹಾಕಿದರು. ಜೋಳದ ಕಣಿಕೆ ಆ ವರ್ಷ ದನಕ್ಕೇ ಸಿಗುತ್ತಿರಲಿಲ್ಲ. ತಗಡಿಗೂ ಹಂದರಕ್ಕೂ ನಡುವೆ ಗಾಳಿ ಆಡುವಂತಾದದ್ದರಿಂದ ಮಧ್ಯಾಹ್ನದ 43 ಇದ್ದದ್ದು 39ಕ್ಕೆ ಇಳಿಯಿತು. ನಮ್ಮ ಹಿರಿಯರು ಮಣ್ಣಿನ ಮಾಳಿಗೆ ಕಟ್ಟಿ, ನೆತ್ತಿಯಲ್ಲಿ ಬೆಳಕಿಂಡಿ ಬಿಟ್ಟದ್ದು ಇದೇ ತತ್ವದ ಮೇಲೆ. ದಪ್ಪ ಮಣ್ಣು ಬಿಸಿಲನ್ನು ತಡೆಯುತ್ತದೆ, ಒಳಗಿನ ಬಿಸಿ ಗಾಳಿ ಹಗುರಾಗಿ ಮೇಲಿನ ಕಿಂಡಿಯಿಂದ ಹೋಗುತ್ತದೆ. ಕ್ಯಾಬಿನೆಟ್ಟಿನ ಹಿಂಬದಿಯ ಮೇಲ್ಭಾಗದಲ್ಲಿ ಗಾಳಿ ಹೊರದೂಡುವ ಫ್ಯಾನಿಗೆ ಜಾಗ ಬಿಟ್ಟಿರುವುದೂ ಅದಕ್ಕಾಗಿಯೇ. ಹುಡುಗನ ಯಂತ್ರದಲ್ಲಿ ಆ ಜಾಗ ಖಾಲಿಯಿತ್ತು. ಅಲ್ಲೊಂದು ಫ್ಯಾನು ಕೂರಿಸಿ, ಒಳಗೆ ಹರಡಿ ಬಿದ್ದಿದ್ದ ತಂತಿಗಳನ್ನು ಕಟ್ಟಿ ಬದಿಗೆ ಸರಿಸಿದ ಮೇಲೆ 8 ಡಿಗ್ರಿಯ ಅಂತರ 4ಕ್ಕೆ ಬಂತು.

ಉಳಿದದ್ದು 28 ಡಿಗ್ರಿಯ ಅಂತರ. ಹೀಟ್‌ಸಿಂಕ್ ಬಿಚ್ಚಿದಾಗ ಅದರ ರೆಕ್ಕೆಗಳ ನಡುವೆ ಬೂದು ಬಣ್ಣದ ಕಂಬಳಿಯೇ ನೇಯ್ದುಕೊಂಡಿತ್ತು. ಪಕ್ಕದಲ್ಲಿ ಹಿಟ್ಟಿನ ಗಿರಣಿ, ಮುಂದೆ ಮಣ್ಣಿನ ರಸ್ತೆ. ಹಿಟ್ಟು, ಧೂಳು, ಜಿಡ್ಡು ಕೂಡಿ ಆದ ಕಂಬಳಿ ಅದು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಹತ್ತಿರ ಅಂಗಡಿಯಿಟ್ಟವರು ಹೊಟ್ಟಿನ ಧೂಳಿನದೇ ಇಂಥ ಕಂಬಳಿಯನ್ನು ತೆಗೆದದ್ದನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಬಣ್ಣ ಬಳಿಯುವ ಬ್ರಷ್ಷಿನಿಂದ ಅದನ್ನು ಬಿಡಿಸಿದೆವು. ಪ್ರೊಸೆಸರ್‌ಗೂ ಲೋಹಕ್ಕೂ ನಡುವೆ ಹಚ್ಚಿದ್ದ ಪೇಸ್ಟು ಒಣಗಿ ಹುಡಿಹುಡಿಯಾಗಿತ್ತು. ಲೋಹದ ಎರಡು ಮುಖಗಳು ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸಣ್ಣ ಸಣ್ಣ ತಗ್ಗುಗಳಿರುತ್ತವೆ, ಅವುಗಳಲ್ಲಿ ಗಾಳಿ ನಿಲ್ಲುತ್ತದೆ, ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ರೊಟ್ಟಿ ಹಂಚಿಗೆ ತಾಗದ ಕಡೆ ಹಸಿಯಾಗಿಯೇ ಉಳಿಯುವುದನ್ನು ಅಡುಗೆಮನೆಯಲ್ಲಿ ಎಲ್ಲರೂ ನೋಡಿದ್ದೀರಿ. ಆ ತಗ್ಗುಗಳನ್ನು ತುಂಬುವುದೇ ಪೇಸ್ಟಿನ ಕೆಲಸ. ಹೆಚ್ಚು ಹಚ್ಚಿದರೆ ಅದೇ ಒಂದು ಗೋಡೆಯಾಗುತ್ತದೆ. ಜೋಳದ ಕಾಳಿನಷ್ಟಿದ್ದರೆ ಸಾಕು. ಹುಬ್ಬಳ್ಳಿಯಿಂದ ಹೊಸದು ತರಿಸಿ ಹಚ್ಚಿದ ಮೇಲೆ 28 ಇದ್ದದ್ದು 22 ಆಯಿತು.

ಮುಂದಿನ ಭಾನುವಾರ ಮಧ್ಯಾಹ್ನ 2 ಗಂಟೆಗೆ ಕೂಡಿಸಿದೆವು. 39, ಅದಕ್ಕೆ 4, ಅದಕ್ಕೆ 22: ಒಟ್ಟು 65. ಬಯಾಸ್ ಪರದೆಯೂ 65 ಎಂದೇ ತೋರಿಸಿತು. ಹಿಂದಿನ ವಾರದ ನಡುರಾತ್ರಿಗಿಂತ ಈಗಿನ ನಡುಹಗಲೇ ತಂಪು! ಕ್ಯಾಬಿನೆಟ್ಟಿನ ಬದಿಯ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಚ್ಚಿಬಿಡಿ ಎಂದವರೂ ಇದ್ದರು. ಗಿರಣಿಯ ಪಕ್ಕದಲ್ಲಿ ಹಾಗೆ ಮಾಡಿದರೆ ಹಿಟ್ಟನ್ನು ಕರೆದು ಕೂರಿಸಿದಂತೆ ಆಗುತ್ತಿತ್ತು. ಅದರ ಬದಲು ಗಾಳಿ ಬರುವ ಕಿಂಡಿಗೆ ಹಳೆಯ ತೆಳು ಪಂಚೆಯ ತುಂಡು ಕಟ್ಟಿ, ಅದನ್ನು ವಾರಕ್ಕೊಮ್ಮೆ ಒಗೆಯುವ ಪದ್ಧತಿಯಾಯಿತು. ಅಕ್ಷಯ ತದಿಗೆಯ ಪತ್ರಿಕೆಗಳು ಹೋದವು. ಮಾವನ ಸಾಲ ಆ ವರ್ಷ ಅರ್ಧ ತೀರಿತೆಂದು ನೆನಪು. ಎತ್ತು ಮಾತ್ರ ಮತ್ತೆ ಬರಲಿಲ್ಲ, ಆ ಮನೆಯವರು ಆಮೇಲೆ ಬಾಡಿಗೆ ಟ್ರ್ಯಾಕ್ಟರಿನಿಂದಲೇ ಹೊಲ ಮಾಡಿಸಿದರು.

ಕುಷ್ಟಗಿಯ ಶೆಡ್ಡಿನಲ್ಲಿ ನಾವು ಎರಡು ಡಿಗ್ರಿ, ನಾಲ್ಕು ಡಿಗ್ರಿ ಎಂದು ಎಣಿಸುತ್ತಿದ್ದಾಗ ಜಗತ್ತಿನ ಅತಿದೊಡ್ಡ ಪ್ರೊಸೆಸರ್ ಕಂಪನಿಯೂ ಅದೇ ಲೆಕ್ಕದಲ್ಲಿ ಸಿಕ್ಕಿಬಿದ್ದಿತ್ತು ಎಂಬುದು ಆಮೇಲೆ ಓದಿ ತಿಳಿದ ಸಂಗತಿ. 2001ರ ಫೆಬ್ರವರಿಯಲ್ಲೇ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ ತಜ್ಞರ ಸಭೆಯೊಂದರಲ್ಲಿ ಎಚ್ಚರಿಸಿದ್ದರು: ಇದೇ ದಾರಿಯಲ್ಲಿ ಹೋದರೆ ಚಿಪ್ಪಿನ ಮೇಲ್ಮೈಯ ಶಾಖದ ಸಾಂದ್ರತೆ ಪರಮಾಣು ಸ್ಥಾವರದ್ದನ್ನು, ರಾಕೆಟ್ ನಳಿಕೆಯದ್ದನ್ನು, ಕೊನೆಗೆ ಸೂರ್ಯನ ಮೇಲ್ಮೈಯದ್ದನ್ನೇ ಮುಟ್ಟೀತು ಎಂದು. ಎಚ್ಚರಿಕೆಯ ಹಿಂದೆ ಸರಳವಾದ ಸೂತ್ರವಿದೆ. ಚಿಪ್ಪಿನ ಶಾಖ ಅದರ ಗಡಿಯಾರದ ವೇಗಕ್ಕೆ ಅನುಪಾತದಲ್ಲಿರುತ್ತದೆ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೋಲ್ಟೇಜನ್ನು ಅರ್ಧ ಮಾಡಿದರೆ ಶಾಖ ಕಾಲುಭಾಗವಾಗುತ್ತದೆ. 5 ವೋಲ್ಟಿನಿಂದ 3.3ಕ್ಕೆ, ಅಲ್ಲಿಂದ ಒಂದೂವರೆಯ ಆಸುಪಾಸಿಗೆ ಇಳಿಸುತ್ತಾ ಬಂದದ್ದರಿಂದಲೇ ಅಷ್ಟು ವರ್ಷ ವೇಗ ಹೆಚ್ಚಿಸಲು ಸಾಧ್ಯವಾಗಿತ್ತು. ಆ ಇಳಿಕೆ ಒಂದು ಹಂತಕ್ಕೆ ಬಂದು ನಿಂತಿತು. ಟ್ರಾನ್ಸಿಸ್ಟರ್‌ಗಳು ಎಷ್ಟು ಚಿಕ್ಕವಾದವೆಂದರೆ, ಮುಚ್ಚಿದ ನಲ್ಲಿಯಿಂದ ನೀರು ತೊಟ್ಟಿಕ್ಕುವಂತೆ, ಆರಿಸಿಟ್ಟಾಗಲೂ ಅವುಗಳಿಂದ ವಿದ್ಯುತ್ತು ಸೋರತೊಡಗಿತು.

2004ರ ಫೆಬ್ರವರಿಯಲ್ಲಿ ಬಂದ ಪ್ರೆಸ್ಕಾಟ್ ಎಂಬ ಪೆಂಟಿಯಂ 4 ರಲ್ಲಿ 12 ಕೋಟಿ 50 ಲಕ್ಷ ಟ್ರಾನ್ಸಿಸ್ಟರ್‌ಗಳಿದ್ದವು. ಅದರ ವೇಗದ ಮಾದರಿಗಳು 100 ವ್ಯಾಟ್ ಮೀರಿ ಕಾಯುತ್ತಿದ್ದವು. ಅದೇ ಮೇ ತಿಂಗಳಲ್ಲಿ ಇಂಟೆಲ್ ತನ್ನ ಮುಂದಿನ ಪ್ರೊಸೆಸರ್ ಆಗಬೇಕಿದ್ದ ತೇಜಸ್ ಯೋಜನೆಯನ್ನೇ ಕೈಬಿಟ್ಟಿತು. ತೇಜಸ್ಸೆಂದು ಹೆಸರಿಟ್ಟದ್ದು ತೇಜಸ್ಸು ಹೆಚ್ಚಾಗಿಯೇ ನಿಂತುಹೋಯಿತಲ್ಲ ಎಂದು ಸಂಸ್ಕೃತ ಬಲ್ಲವರು ನಗಬಹುದು. ಅಕ್ಟೋಬರ್‌ನಲ್ಲಿ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಸಹ ರದ್ದಾಯಿತು. ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸಭೆಯೊಂದರಲ್ಲಿ ಇದಕ್ಕಾಗಿ ವೇದಿಕೆಯ ಮೇಲೆ ಮಂಡಿಯೂರಿ, ತಮಾಷೆಯಾಗಿಯೇ, ಕ್ಷಮೆ ಕೇಳಿದರು. ಆಳುಗಳಿಗೂ ದುಡ್ಡಿಗೂ ಕೊರತೆಯಿಲ್ಲದ ಕಂಪನಿಯದು ಈ ಪಾಡು.

ಅವರು ಕಂಡುಕೊಂಡ ದಾರಿ ರೈತರಿಗೆ ಹೊಸದಲ್ಲ. ಒಂದೇ ಎತ್ತನ್ನು ಬಾರುಕೋಲಿನಿಂದ ಹೊಡೆದು ಓಡಿಸುವ ಬದಲು ಎರಡನ್ನು ಹೂಡಿ ಹದವಾಗಿ ನಡೆಸುವುದು. 2005ರಲ್ಲಿ ಒಂದೇ ಚಿಪ್ಪಿನ ಮನೆಯೊಳಗೆ ಎರಡು ತಿರುಳುಗಳಿರುವ ಪ್ರೊಸೆಸರ್‌ಗಳು ಮನೆಬಳಕೆಗೆ ಬಂದವು. 2006ರ ಜುಲೈಯಲ್ಲಿ ಬಂದ ಕೋರ್ 2 ಡ್ಯುಯೋ ಕಡಿಮೆ ಗಡಿಯಾರ ವೇಗದಲ್ಲಿ, 65 ವ್ಯಾಟಿನಲ್ಲಿ, ಪ್ರೆಸ್ಕಾಟ್‌ಗಿಂತ ಹೆಚ್ಚು ಕೆಲಸ ಮಾಡಿ ತೋರಿಸಿತು. ಅಲ್ಲಿಂದೀಚೆಗೆ ನಾಲ್ಕು, ಎಂಟು, ಹದಿನಾರು. ಅಮೆರಿಕದ ಮಹಾಗಣಕ ನಿರ್ಮಾಪಕ ಸೀಮೋರ್ ಕ್ರೇ ಬಹಳ ಹಿಂದೆಯೇ, ಹೊಲ ಉಳಲು ಬಲವಾದ ಎರಡು ಎತ್ತು ಬೇಕೋ 1,024 ಕೋಳಿಗಳು ಬೇಕೋ ಎಂದು ಅಣಕವಾಡಿದ್ದನೆಂದು ಹೇಳುತ್ತಾರೆ. ಅವನ 1985ರ ಕ್ರೇ 2 ಯಂತ್ರ ಎಷ್ಟು ಕಾಯುತ್ತಿತ್ತೆಂದರೆ, ಅದರ ಮಂಡಲಗಳನ್ನು ವಿದ್ಯುತ್ತು ಹರಿಯದಂಥ ವಿಶೇಷ ದ್ರವದಲ್ಲಿ ಮುಳುಗಿಸಿಯೇ ಇಡಬೇಕಾಗಿತ್ತು. ಕಾಲ ಕೋಳಿಗಳ ಪರವಾಗಿ ತೀರ್ಪು ಕೊಟ್ಟಿತು.

ಇದರಲ್ಲಿ ನಮ್ಮ ರಾಜ್ಯದ ಪಾಲೂ ಇದೆ, ಮಕ್ಕಳಿಗೆ ಅದು ತಿಳಿದಿರಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಯು.ಎನ್. ಸಿನ್ಹಾ ಮತ್ತು ಅವರ ಸಂಗಡಿಗರು 1986ರಲ್ಲಿ ಫ್ಲೊಸಾಲ್ವರ್ ಎಂಬ ಯಂತ್ರ ಕಟ್ಟಿದರು. ಭಾರತದ ಮೊದಲ ಸಮಾಂತರ ಗಣಕ ಅದು. ಮೇಲೆ ಹೇಳಿದ 8086 ಪ್ರೊಸೆಸರ್‌ಗಳು ನಾಲ್ಕನ್ನು ಅವುಗಳ ಜೊತೆಗಾರ 8087ಗಳೊಂದಿಗೆ ಹೂಡಿ, ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವಂಥ ಕಠಿಣ ಲೆಕ್ಕಗಳನ್ನು ಹಂಚಿಕೊಟ್ಟು ಮಾಡಿಸಿದರು. ಅವರನ್ನು ಆ ದಾರಿಗೆ ತಂದದ್ದು ಕಾವಲ್ಲ. ದೊಡ್ಡ ಮಹಾಗಣಕಗಳು ನಮಗೆ ಸುಲಭವಾಗಿ ಸಿಗುತ್ತಿರಲಿಲ್ಲ ಎಂಬುದು. ಬಡತನದಿಂದ ಹಿಡಿದ ದಾರಿಯನ್ನೇ ಹತ್ತೊಂಬತ್ತು ವರ್ಷಗಳ ಮೇಲೆ ಸಿರಿವಂತರು ಕಾವಿಗೆ ಹೆದರಿ ಹಿಡಿದರು. ಪುಣೆಯ ಸಿ-ಡ್ಯಾಕ್‌ನಲ್ಲಿ ವಿಜಯ ಭಟ್ಕರ್ ಅವರ ತಂಡ 1991ರಲ್ಲಿ ಹೊರತಂದ ಪರಮ್ 8000ದ ಹೆಸರು ಎಲ್ಲರಿಗೂ ಗೊತ್ತು, ಫ್ಲೊಸಾಲ್ವರ್‌ನದು ಕೆಲವರಿಗೆ ಮಾತ್ರ. ಇದು ನನಗೆ ಸರಿಕಾಣುವುದಿಲ್ಲ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಿಂತ 3.3 ಪೆಟಾಫ್ಲಾಪ್ಸ್ ಶಕ್ತಿಯ ಪರಮ್ ಪ್ರವೇಗಕ್ಕೆ ಫ್ಯಾನುಗಳ ಗಾಳಿ ಸಾಲದೆ ಕೊಳವೆಗಳಲ್ಲಿ ದ್ರವ ಹರಿಸಿ ತಂಪುಮಾಡುತ್ತಾರೆ.

ಲ್ಯಾಪ್‌ಟಾಪ್ ಬಿಚ್ಚಿ ನೋಡಿದವರು ಅದರೊಳಗೆ ಚಪ್ಪಟೆಯಾದ ತಾಮ್ರದ ಕೊಳವೆಯನ್ನು ಕಂಡಿರಬಹುದು. ಅದರೊಳಗೆ ಒಂದಿಷ್ಟು ದ್ರವವಿರುತ್ತದೆ. ಬಿಸಿ ತುದಿಯಲ್ಲಿ ಅದು ಆವಿಯಾಗುವಾಗ ಶಾಖವನ್ನು ಹೀರುತ್ತದೆ, ತಂಪು ತುದಿಯಲ್ಲಿ ಮತ್ತೆ ದ್ರವವಾಗುವಾಗ ಬಿಟ್ಟುಕೊಡುತ್ತದೆ, ಒಳಗೋಡೆಯ ಸಣ್ಣ ರಂಧ್ರಗಳ ಮೂಲಕ ಮರಳಿ ಹರಿಯುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಇದನ್ನು ರೂಪಿಸಿದ. ಆವಿಯಾಗುವ ನೀರು ಕಾವನ್ನು ಒಯ್ಯುತ್ತದೆಂಬುದು ಮನೆಯ ಮೂಲೆಯಲ್ಲಿ ಬೆವರುತ್ತ ಕೂತ ಹರವಿಗೆ ಮೊದಲಿನಿಂದಲೂ ಗೊತ್ತಿದ್ದ ವಿಷಯ.

ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳುವ ವಿದ್ಯೆಯೂ ಆ ವರ್ಷಗಳಲ್ಲೇ ಬೆಳೆಯಿತು. 2001ರ ಸೆಪ್ಟೆಂಬರ್‌ನಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ನಡೆಯುತ್ತಿರುವ ಯಂತ್ರಗಳ ಹೀಟ್‌ಸಿಂಕ್ ಕಿತ್ತು ಪ್ರಯೋಗ ಮಾಡಿ ಚಿತ್ರೀಕರಿಸಿದರು. ಎಎಂಡಿ ಅಥ್ಲಾನ್ ಕ್ಷಣದಲ್ಲಿ ಹೊಗೆಯಾಡಿ ಸತ್ತಿತು. ಪೆಂಟಿಯಂ 4 ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಕುಂಟುತ್ತಾ ಬದುಕಿತು. ಬಿಸಿಲೇರಿದಾಗ ನಿಧಾನ ಮಾಡುವ ಈ ಗುಣ ಇಂದು ಎಲ್ಲ ಪ್ರೊಸೆಸರ್‌ಗಳಿಗೂ ಬಂದಿದೆ. ಕುಷ್ಟಗಿ ಬಸ್ ನಿಲ್ದಾಣದಲ್ಲಿ ಮೇ ತಿಂಗಳ ಮಧ್ಯಾಹ್ನ ಮೊಬೈಲ್ ತಡವರಿಸಿದರೆ, ಪರದೆ ಮಂಕಾದರೆ, ಅದು ಕೆಟ್ಟಿದೆ ಎಂದು ಅಂಗಡಿಗೆ ಓಡಬೇಕಾಗಿಲ್ಲ. ಅದರಲ್ಲಿ ಫ್ಯಾನಿಲ್ಲ, ಹೊರಗಿನ ಗಾಳಿಯೇ ಗತಿ. ದಪ್ಪ ಕವಚ ತೆಗೆದು, ಚಾರ್ಜಿನಿಂದ ಬಿಡಿಸಿ, ಹತ್ತು ನಿಮಿಷ ನೆರಳಲ್ಲಿಟ್ಟರೆ ಸಾಕು. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಒಳಗೆ ನೀರಹನಿ ಕಟ್ಟುತ್ತದೆ.

ದುಬೈ, ಮಸ್ಕತ್‌ಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಕೆಲವರಿದ್ದೀರಿ. ಅಲ್ಲಿನ ಬೇಸಿಗೆ ನಮ್ಮದಕ್ಕಿಂತ ಕಠಿಣವೆಂದು ಕೇಳಿದ್ದೇನೆ. ನಿಮ್ಮ ಯಂತ್ರಗಳನ್ನು ನೀವು ಹೇಗೆ ಕಾಯ್ದುಕೊಂಡಿರೆಂದು ಬರೆಯಿರಿ. ಉಷ್ಣಾಂಶ ಅಳೆದಿದ್ದರೆ ಕೋಣೆಯದು, ಪೆಟ್ಟಿಗೆಯದು, ಪ್ರೊಸೆಸರ್‌ನದು ಎಂದು ಮೂರೂ ಅಂಕಿಗಳನ್ನು ಬೇರೆ ಬೇರೆಯಾಗಿ, ಹೊತ್ತು ಸಮೇತ ಕಾಣಿಸಿ.